ಗಾಡಿ ಯಾರ ತಾಬಾದಲ್ಲಿ

ಗೊಲ್ಲಾಳಪ್ಪ ತೀರಿಕೊಂಡು ಅವನ ದಿವಸ ಮಾಡಿದ ದಿನ ತಿಕೋಟೆಯ ಅವನ ಮನೆಯಂಗಳಕ್ಕೆ ಎರಡು ರುಮಾಲುಗಳು ಬಂದವು. ಒಂದನ್ನು ಬೀಗರು ತಂದಿದ್ದರು. ಅದು ಎಲ್ಲರ ಮನೆಗೂ ಬರುವಂಥದು. ಇನ್ನೊಂದನ್ನು ವಿಜಾಪುರದ ಗಾಂಧಿ ಚೌಕದ ಟ್ಯಾಕ್ಸಿ ಸ್ಟ್ಯಾಂಡಿನವರು ಕೂಡಿ ತಂದಿದ್ದರು. ಸ್ಟ್ಯಾಂಡಿನ ಗಾಡಿ ಮಾಲೀಕನೊಬ್ಬ ತೀರಿಕೊಂಡರೆ ಅವನ ವಾರಸುದಾರನ ತಲೆಗೆ ರುಮಾಲು ಸುತ್ತಿ, "ಇನ್ನ ಮ್ಯಾಲ ಅಂವನ ಪಾಳಿ ನಿಂದು" ಎಂದು ಹೇಳಿಹೋಗುವುದು ಅವರಲ್ಲಿ ನಡೆದುಬಂದ ಪದ್ಧತಿ. ಗೊಲ್ಲಾಳಪ್ಪನಿಗೆ ಇದ್ದವರು ಇಬ್ಬರು ಹೆಣ್ಣುಮಕ್ಕಳು ಮಾತ್ರ. ಹೀಗಾಗಿ ಎರಡೂ ರುಮಾಲುಗಳು ಅವನ ತಮ್ಮ ಅಮೋಘಿಯ ತಲೆಯನ್ನು ಒಂದರ ಮೇಲೊಂದು ಏರಿದವು. ರುಮಾಲಿನ ತಾಟು ಹಿಡಿದು ನಿಂತವಳು ಗೊಲ್ಲಾಳಪ್ಪನ ಹೆಂಡತಿ ತಾಯವ್ವ. ಹಿಡಿ ಎಂದರು, ಹಿಡಿದಳು. ಕಣ್ಣೀರಿನಲ್ಲಿ ತಾಟೇ ಕಾಣದ ಹೊತ್ತಿನಲ್ಲಿ ಅದರೊಳಗೆ ಏನಿದೆ ಎಂದು ಕೇಳುವ ಎಚ್ಚರ ಯಾರಿಗಿರುತ್ತದೆ?

ತಪ್ಪು ಹುಟ್ಟಿದ್ದು ಅಲ್ಲಿ. ರುಮಾಲು ಮನೆಯ ಹಿರೇತನವನ್ನು ಕೊಡಬಲ್ಲದು, ಸತ್ತವನ ದುಃಖವನ್ನು ಹೊರಿಸಬಲ್ಲದು. ಟ್ಯಾಕ್ಸಿಯ ಪರವಾನಗಿಯನ್ನು ಕೊಡಲಾರದು. ಈ ಮನುಷ್ಯ ಜನರನ್ನು ಸುರಕ್ಷಿತವಾಗಿ ಊರು ಮುಟ್ಟಿಸುತ್ತಾನೆ ಎಂದು ಸರಕಾರ ಒಬ್ಬನ ಹೆಸರು ಹಿಡಿದು ಇಟ್ಟ ನಂಬಿಕೆಗೆ ಪರವಾನಗಿ ಎನ್ನುತ್ತಾರೆ. ಅದನ್ನು ಹೊಲದಂತೆ ಪಾಲು ಮಾಡಲಾಗದು. ಎಮ್ಮೆಯಂತೆ ಹಗ್ಗ ಬಿಚ್ಚಿ ಇನ್ನೊಬ್ಬರ ಕೈಗೆ ಇಡಲೂ ಆಗದು. ಆದರೆ ಎಪ್ಪತ್ತನಾಲ್ಕರ ಆ ಬೇಸಗೆಯಲ್ಲಿ ತಿಕೋಟೆಯಲ್ಲಾಗಲಿ ಗಾಂಧಿ ಚೌಕದಲ್ಲಾಗಲಿ ಹೀಗೆ ಯೋಚಿಸಿದ ಒಂದು ನರಪಿಳ್ಳೆಯೂ ಇರಲಿಲ್ಲ.

ದಿವಸ ಮುಗಿದ ವಾರದಲ್ಲೇ ಲಾಡಲೇಸಾಬ ತಿಕೋಟೆಗೆ ಬಂದ. ಗೊಲ್ಲಾಳಪ್ಪನಿಗೆ ಮೈ ಸರಿಯಿಲ್ಲದ ದಿನ ಅವನ ಅಂಬಾಸಡರ್ ಗಾಡಿಯನ್ನು ಹೊಡೆಯುತ್ತಿದ್ದ ಚಾಲಕ ಅವನು. ಕಟ್ಟೆಯ ತುದಿಗೆ ಕುಳಿತು, ಕೊಟ್ಟ ನೀರನ್ನೂ ಕುಡಿಯದೆ ಕೇಳಿದ:

"ಅಕ್ಕಾರ, ಗಾಡಿ ಎಲ್ಲೈತಿ ಗೊತ್ತೈತೇನ್ರಿ?"

"ಸ್ಟ್ಯಾಂಡನ್ಯಾಗ ಇರಬೇಕಲ್ಲಣ್ಣಾ. ಅಮೋಘಿ ನೋಡಿಕೊಳ್ಳಾಕತ್ತಾನ."

"ಹಗಲಿ ಸ್ಟ್ಯಾಂಡನ್ಯಾಗ ಇರತೈತ್ರಿ. ಸಂಜೀಕ ಅಮರಪ್ಪ ಸಾವಕಾರ್ರ ವಖಾರಕ್ಕ ಹೋಗಿ ನಿಂದರತೈತಿ. ಸ್ಟೇರಿಂಗ ಹಿಡದಂವ ಅವರ ಮನಶ್ಯಾ. ನನಗ, ನಿನ್ನ ಕೆಲಸಿಲ್ಲ ಹೋಗಪಾ ಅಂದ್ರು. ಅಮೋಘಪ್ಪ ಗಾಡಿ, ಪರ್ಮಿಟ್ಟು ಎರಡೂ ಕೂಡೇ ಮಾರ್ಯಾನಂತ್ರಿ. ಚಾದಂಗಡ್ಯಾಗ ತಾನ ಹೇಳಿಕೋತ ಕುಂತಿದ್ದ."

ಅಮರಪ್ಪ ಎಂದರೆ ಗಾಂಧಿ ಚೌಕದಲ್ಲಿ ಗೋದಾಮು ಇಟ್ಟಿದ್ದ ಕಾಳಿನ ವ್ಯಾಪಾರಿ. ಅವನವೇ ಎಂದು ಇಡೀ ಚೌಕಕ್ಕೆ ಗೊತ್ತಿದ್ದ ಟ್ಯಾಕ್ಸಿಗಳು ಹಲವು ಓಡುತ್ತಿದ್ದವು. ಆದರೆ ಯಾವುದರ ಪರವಾನಗಿಯೂ ಅವನ ಹೆಸರಿನಲ್ಲಿ ಇರಲಿಲ್ಲ. ಬಡವರಿಗೆಂದು ಸರಕಾರ ಕೊಟ್ಟ ಹಕ್ಕನ್ನು ಬಡವರ ಹೆಸರಿನಲ್ಲೇ ಇರಗೊಟ್ಟು ಅದರ ಫಲವನ್ನಷ್ಟೇ ತಾನು ಉಣ್ಣುವ ವಿದ್ಯೆ ಅವನಿಗೆ ಕರಗತವಾಗಿತ್ತು. ಇದನ್ನು ಕಳವು ಎನ್ನುವ ಧೈರ್ಯ ಯಾರಿಗೂ ಇಲ್ಲದ ಕಾರಣ ಜನ ಇದನ್ನು ವ್ಯವಹಾರ ಎನ್ನುತ್ತಿದ್ದರು.

ತಾಯವ್ವ ನೇರವಾಗಿ ಹಿತ್ತಿಲಿಗೆ ಹೋದಳು. ಅಮೋಘಿ ಆಡಿಗೆ ತೊಪ್ಪಲು ಕಟ್ಟುತ್ತಿದ್ದ.

"ಗಾಡಿ ಮಾರ್ದೇನೋ ತಮ್ಮಾ?"

"ನಂದನ್ನ ನಾ ಮಾರಿದ್ರ ಊರಿಗ್ಯಾಕ ಹೊಟ್ಟಿಬ್ಯಾನಿ?"

"ನಿಂದ ಹೆಂಗಾತದು?"

"ಚೊಲೋ ಕೇಳತಿ ವೈನಿ! ನೀನ ತಾಟ ಹಿಡಕೊಂಡ ನಿಂತಿದ್ದಿಲ್ಲೇನ? ಮಂದಿ ಎದುರಿಗೆ ಎರಡೆರಡ ರುಮಾಲ ಸುತ್ತ್ಯಾರ. ಇನ್ನೇನ, ಬ್ಯಾಂಡ ಊದಸಬೇಕಿತ್ತ?"

"ನಿಮ್ಮಣ್ಣ ಆಫೀಸಿಗೆ ತಿರಗಿ ತಿರಗಿ ಚಪ್ಪಲಿ ಸವಿಸಿ ತಗೊಂಡ ಪರ್ಮಿಟ್ಟದು. ರುಮಾಲ ಸುತ್ತಿದ್ರ ಬರೂದಾಗಿದ್ರ ಅಂವ ಯಾಕ ಅಷ್ಟ ತಿರಗತಿದ್ದ? ಸಂತ್ಯಾಗ ಒಂದ ರುಮಾಲ ತಗೊಂಡ ತಾನ ಸುತಗೋತಿದ್ದ."

ಅಮೋಘಿ ದನಿ ಎತ್ತರಿಸಿದ. "ಗಾಡಿ ಹೊಡ್ಯಾಕ ನಿನಗ ಬರತೈತೇನ? ನಿಮಗ ಕೂಳ ಹಾಕೂದ ನನ್ನ ಜಿಮ್ಮಾ. ನೀ ಒಳಗ ಹೋಗು."

ಒಳಗೆ ಹೋಗು! ದುಡಿದು ಸತ್ತ ಗಂಡನ ಹೆಂಡತಿಗೆ ನಮ್ಮ ಮನೆತನಗಳು ಕೊಡುವ ಮೊದಲ ಉಪದೇಶವೂ ಕೊನೆಯ ಉಪದೇಶವೂ ಇದೊಂದೇ. ತಾಯವ್ವ ಒಳಗೆ ಹೋದಳು ನಿಜ. ಮರುದಿನ ವಿಜಾಪುರದ ಬಸ್ಸಿಗೆಂದು ಸೆರಗಿನಲ್ಲಿ ದುಡ್ಡು ಗಂಟು ಕಟ್ಟಲು ಹೋದಳು.

ಬೆಳಿಗ್ಗೆ ಅತ್ತೆ ಮುದುಕವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಗಂಡ ಸತ್ತವಳು ತಿಂಗಳು ತುಂಬುವ ತನಕ ಹೊಸ್ತಿಲು ದಾಟಬಾರದು ಎನ್ನುವುದು ಆ ಮನೆಯ ಕಟ್ಟು.

"ಹೊಸ್ತಿಲಾ ದಾಟಿದ್ರ ಮಂದಿ ಬಾಯಾಗ ಬೀಳತೀವಿ ನನ್ನವ್ವಾ. ತಿಂಗಳಾ ತುಂಬಲಿ."

"ಆಫೀಸಿಗೆ ಹೇಳಾಕ ಏನೋ ಮುದ್ದತ್ತ ಐತಂತ ಅತ್ತಿ. ಲಾಡಲೇಸಾಬಣ್ಣ ಹೇಳ್ಯಾನ. ತಿಂಗಳಾ ತುಂಬೂದ್ರಾಗ ಅದು ಮುಗದ ಹೋದ್ರ?"

"ಆಫೀಸಿನವರಿಗೆ ನಮ್ಮ ಮನೀ ಸೂತಕ ತಿಳಿಯೂದಿಲ್ಲೇನ?"

"ಅವರಿಗೆ ನಿಮ್ಮ ಮಗಾ ಸತ್ತದ್ದ ತಿಳದಿಲ್ಲ. ಯಾರೂ ಹೇಳೇ ಇಲ್ಲ."

ಮುದುಕವ್ವನ ಕೈ ಬಾಗಿಲಿನಿಂದ ತಾನಾಗಿ ಜಾರಿತು. ಮಗ ಸತ್ತನೆಂದು ಊರೆಲ್ಲ ಅತ್ತಿದೆ. ಅವನ ಹೆಸರು ಬರೆದುಕೊಂಡ ಒಂದು ಕಚೇರಿಯಲ್ಲಿ ಅವನಿನ್ನೂ ಬದುಕಿದ್ದಾನೆ ಎಂಬುದು ಆ ಮುದುಕಿಗೆ ಎಲ್ಲಿಯೋ ನಾಟಿತು. ಪಕ್ಕಕ್ಕೆ ಸರಿದು, ಸೆರಗಿನಿಂದ ಬಾಯಿ ಒತ್ತಿಕೊಂಡಳು. ತಾಯವ್ವ ಹೊಸ್ತಿಲು ದಾಟಿದಳು.

ವಿಜಾಪುರದ ಸಾರಿಗೆ ಕಚೇರಿಯ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ, ಕುಳಿತುಕೊಳ್ಳಲು ಹೇಳಿ, ತಿಳಿಯುವ ಮಾತಿನಲ್ಲಿ ತಿಳಿಸಿದ:

"ಪರ್ಮಿಟ್ಟ ಮಾರಾಕ ಬರೂದಿಲ್ಲವ್ವಾ. ಸಾರಿಗೆ ಮಂಡಳಿ ಒಪ್ಪದ ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಹೋಗೂದಿಲ್ಲ. ಧಣಿ ಸತ್ತರ, ಅವನ ಹಿಂದ ಗಾಡಿ ಯಾರ ತಾಬಾಕ್ಕ, ಅಂದ್ರ ಯಾರ ಕೈವಶಕ್ಕ ಬರತೈತೋ ಅವರು ತಿಂಗಳೊಳಗ ನಮಗ ತಿಳಸಬೇಕು. ಆಮ್ಯಾಲ ತಮ್ಮ ಹೆಸರಿಗೆ ಕೊಡ್ರಿ ಅಂತ ಅರ್ಜಿ ಹಾಕಬೇಕು."

"ಯಾರರೆ ತಿಳಸ್ಯಾರೇನ್ರಿ?"

"ಇಲ್ಲಿತನಕ ಯಾರೂ ಬಂದಿಲ್ಲ. ಗಾಡಿ ಈಗ ಯಾರ ತಾಬಾದಾಗ ಐತಿ?"

ತಾಯವ್ವ ಎದ್ದು ನಿಂತಳು. ಸುಳ್ಳು ಹೇಳಬಹುದಿತ್ತು, ನನ್ನಲ್ಲೇ ಇದೆ ಎಂದು ಒಂದು ಮಾತು ಒಗೆದಿದ್ದರೆ ಕೇಳುವವರು ಯಾರು? ಆದರೆ ತಿಕೋಟೆಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಅವಳು ಕಲಿತದ್ದರಲ್ಲಿ ಸುಳ್ಳು ಬರೆದ ಪಾಟಿಯನ್ನು ತಾನೇ ಒರೆಸಬೇಕು ಎಂಬುದೂ ಒಂದಾಗಿತ್ತು.

"ಸಂಜೀಕ ಆಫೀಸ ಮುಚ್ಚೂದರೊಳಗ ಬಂದ ಹೇಳತೇನ್ರಿ ಸಾಹೇಬ್ರ" ಎಂದವಳೇ ಹೊರಬಿದ್ದಳು.

ಗಾಂಧಿ ಚೌಕದ ಸ್ಟ್ಯಾಂಡಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸಾಲಿನಲ್ಲಿ ಮುಂದೆ ನಿಂತ ಗಾಡಿ ಸೀಟು ತುಂಬಿ ಹೊರಡದೆ ಹಿಂದಿನ ಯಾವ ಗಾಡಿಯೂ ಒಬ್ಬ ಪ್ರಯಾಣಿಕನನ್ನೂ ಹತ್ತಿಸಿಕೊಳ್ಳುವಂತಿಲ್ಲ. ಪಾಳಿ ಮುರಿದವನು ಅಂದಿನ ದಿನ ಮನೆಗೆ ಹೋಗಬೇಕು. ತಾಯವ್ವ ಹೋದಾಗ ಸಾಲಿನ ತಲೆಯಲ್ಲಿ ನಿಂತಿದ್ದುದು ಅವಳ ಗಂಡನ ಗಾಡಿಯೇ. ಹಿಂದಿನ ಸೀಟಿನಲ್ಲಿ ಹೊನವಾಡದ ಒಬ್ಬ ಮುದುಕಿ, ಬದನೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಕುಳಿತಿದ್ದಳು. ತಾಯವ್ವ ಮುಂದಿನ ಬಾಗಿಲು ತೆರೆದು ಒಳಗೆ ಕುಳಿತು, ಬಾಗಿಲೆಳೆದುಕೊಂಡಳು.

ಅಮರಪ್ಪನ ಚಾಲಕ ಬಂದು ಬಗ್ಗಿ ನೋಡಿದ. "ಎಲ್ಲಿಗೆವ್ವಾ?"

"ಎಲ್ಲಿಗೂ ಇಲ್ಲ. ನನ್ನ ಗಾಡಿ ಇದು. ಕೀಲಿಕೈ ಕೊಡು."

"ಕೀಲಿಕೈ ಸಾವಕಾರ್ರನ್ನ ಕೇಳಬೇಕು."

"ಕೇಳಿ ಬಾ ಹಂಗಾರ. ನಾ ಕುಂತೇನಿ."

ಅವಳು ಕುಳಿತೇ ಇದ್ದಳು. ಅವಳು ಕುಳಿತಷ್ಟು ಹೊತ್ತೂ ಗಾಡಿ ಹೊರಡಲಿಲ್ಲ. ಆ ಗಾಡಿ ಹೊರಡದ ತನಕ ಹಿಂದಿನ ಸಾಲು ಅಲುಗಾಡಲಿಲ್ಲ. ಬಿಸಿಲೇರಿತು. ಚಾಲಕರು ಒಬ್ಬೊಬ್ಬರಾಗಿ ಗಾಡಿಗಳಿಂದಿಳಿದು ಸುತ್ತ ನೆರೆದರು.

"ಅವ್ವಾ, ನಮ್ಮ ಹೊಟ್ಟೀ ಮ್ಯಾಲ ಯಾಕ ಕುಂತೀಬೇ?"

"ನಾ ನನ್ನ ಸೀಟಿನ ಮ್ಯಾಲ ಕುಂತೇನಪ್ಪಾ. ಪಾಳಿ ನೀವ ಮಾಡಿದ್ದು. ಬ್ಯಾಡಂದ್ರ ಮುರೀರಿ."

ಮುರಿಯಲು ಯಾರೂ ಮುಂದಾಗಲಿಲ್ಲ. ಇಂದು ಮುರಿದರೆ ನಾಳೆ ಬಲವಿದ್ದವನ ಗಾಡಿಯೇ ಮುಂದೆ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಿಂದಿನ ಸೀಟಿನಿಂದ ಬದನೆಯ ಮುದುಕಿ ಕತ್ತು ಹೊರಗೆ ಹಾಕಿ ಒದರಿದಳು: "ಆಕೀ ಕೀಲಿಕೈ ಆಕೀಗೆ ಕೊಡ್ರೋ ಯಪ್ಪಗೋಳ್ರ್ಯಾ! ನನ್ನ ಬದನೀಕಾಯಿ ಇಲ್ಲೇ ಬೇಯಾಕತ್ತಾವ!"

ನಕ್ಕವರ ನಡುವೆ ದಾರಿ ಮಾಡಿಕೊಂಡು ಅಮರಪ್ಪ ಬಂದ. ಬಿಳಿಯ ಧೋತರ, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಬೆಲ್ಲ. ಕಿಟಕಿಗೆ ಮೊಣಕೈಯೂರಿ ಮೆಲ್ಲಗೆ ಹೇಳಿದ:

"ತಂಗೀ, ನಿನ್ನ ಸಿಟ್ಟ ಖರೇನ ಐತಿ. ಅಮೋಘಿ ಹುಂಬ, ರುಮಾಲಿಗೆ ಪರ್ಮಿಟ್ಟ ಬರೂದಿಲ್ಲಂತ ನನಗೂ ಈಗ ತಿಳೀತು. ಒಂದ ಕೆಲಸ ಮಾಡೂಣು. ನಿನ್ನ ಹೆಸರಿಗೇ ಮಾಡಸೂಣು. ಗಂಡ ಸತ್ತ ಹೆಣಮಗಳಂದ್ರ ಸಾಹೇಬ್ರು ಇಲ್ಲನ್ನೂದಿಲ್ಲ. ಹೆಸರ ನಿಂದು, ಗಾಡಿ ನಾ ನಡಸತೇನಿ. ಜ್ವಾಳ, ಸೀರಿ ನಿನ್ನ ಮನೀಗೆ ಬರತಾವ. ನೀ ಗರತಿ ಹಂಗ ಮನ್ಯಾಗ ಕುಂಡ್ರು."

"ನನ್ನ ಹೆಸರು ನಿಮಗ, ನಿಮ್ಮ ಜ್ವಾಳ ನನಗ?"

"ಬಬಲೇಶ್ವರದ ರಹಿಮಾಬೀನ ಹಂಗ ಇಟ್ಟಿಲ್ಲೇನ? ಸುಖದಾಗ ಅದಾಳ. ಹೋಗಿ ಕೇಳ ಬೇಕಾದ್ರ."

"ಕೇಳತೇನ್ರಿ. ಈಗ ಕೀಲಿಕೈ ಕೊಡ್ರಿ."

ಅಮರಪ್ಪ ಸುತ್ತ ನೋಡಿದ. ತಾವೇ ರುಮಾಲು ತಂದು ಸುತ್ತಿದ್ದ ಅದೇ ಚಾಲಕರು ಈಗ ಕೈಕಟ್ಟಿ ಅವನನ್ನೇ ದಿಟ್ಟಿಸುತ್ತಿದ್ದರು. ಒಬ್ಬ ಗೊಣಗಿದ: "ಕೊಟ್ಟ ಬಿಡ್ರಿ ಸಾವಕಾರ್ರ, ಅರ್ಧಾ ದಿನಾ ಹ್ವಾತು." ಸಾಲಿನಲ್ಲಿ ಸಿಕ್ಕಿಬಿದ್ದ ಗಾಡಿಗಳಲ್ಲಿ ಅಮರಪ್ಪನವೂ ಇದ್ದವು. ನ್ಯಾಯಕ್ಕೆ ಮಣಿಯದವನು ನಷ್ಟಕ್ಕೆ ಮಣಿದ. ಕೀಲಿಕೈ ಕಿಟಕಿಯೊಳಗೆ ಬಂತು. ಲಾಡಲೇಸಾಬ ಎಲ್ಲಿದ್ದನೋ, ಓಡಿಬಂದು ಸ್ಟೇರಿಂಗ್ ಹಿಡಿದ.

"ತಿಕೋಟಾಕ್ಕೇನ್ರಿ ಅಕ್ಕಾರ?"

"ಮೊದಲ ಆಫೀಸಿಗೆ."

"ಮತ್ತ ನಾ?" ಎಂದಳು ಬದನೆಯ ಮುದುಕಿ.

"ನೀವೂ ಬರ್ರಿ ಆಯಿ. ಸಾಕ್ಷಿ ಬೇಕಾದೀತು."

ಆ ಸಂಜೆ ಕಚೇರಿ ಮುಚ್ಚುವ ಮೊದಲು ತಾಯವ್ವ ಗಂಡನ ಸಾವನ್ನು ತಿಳಿಸಿದಳು. ಗಾಡಿ ತನ್ನ ತಾಬಾದಲ್ಲಿದೆ, ಬಾಗಿಲ ಹೊರಗೇ ನಿಂತಿದೆ, ಅದರೊಳಗೆ ಒಂದು ಬುಟ್ಟಿ ಬದನೆಕಾಯಿಯೂ ಇದೆ ಎಂದಳು. ಗುಮಾಸ್ತ ಎದ್ದು ಕಿಟಕಿಯಿಂದ ನೋಡಿ ಬರೆದುಕೊಂಡು, ಪರವಾನಗಿ ತನ್ನ ಹೆಸರಿಗೆ ಬರಲೆಂಬ ಅವಳ ಅರ್ಜಿಯನ್ನೂ ತೆಗೆದುಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ಅಮೋಘಿಯಿಂದಲೂ ಒಂದು ಅರ್ಜಿ ಹಾಕಿಸಿ, ಅಮರಪ್ಪ ತನ್ನ ವಕೀಲನನ್ನು ಬೆನ್ನಿಗಿಟ್ಟ. ವಿಚಾರಣೆಯ ದಿನ ಗೊತ್ತಾದ ಮೇಲೆ ಅಮೋಘಿ ಮನೆಯಲ್ಲಿ ಮತ್ತೆ ಬಾಯಿ ತೆರೆದ: "ಸಾವಕಾರ್ರ ಮಾತಿಗೆ ಹೂಂ ಅನ್ನು ವೈನಿ, ನಾ ಅರ್ಜಿ ಹಿಂದ ತಗೋತೇನಿ. ಇಲ್ಲಾಂದ್ರ ನಿನಗೂ ಇಲ್ಲ, ನನಗೂ ಇಲ್ಲ, ಪರ್ಮಿಟ್ಟ ನೀರಾಗ ಹ್ವಾದಂಗ." ತಾಯವ್ವನಿಗೆ ಅಂಜಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಹೆಣ್ಣುಮಕ್ಕಳಿಬ್ಬರು, ಮುದುಕಿ ಅತ್ತೆ. ಗಾಡಿ ಹೋದರೆ ಕೂಲಿಯೊಂದೇ ಗತಿ. ಬರುವ ಜೋಳವನ್ನು ಒಲ್ಲೆ ಎನ್ನಲು ತಾನು ಯಾರು ಎಂದು ಒಂದು ಕ್ಷಣ ಅನ್ನಿಸಿತು. ಒಮ್ಮೆ ಕೇಳಿಯೇ ಬಿಡೋಣವೆಂದು ಬಬಲೇಶ್ವರಕ್ಕೆ ಹೋದಳು.

ರಹಿಮಾಬಿ ರೊಟ್ಟಿ ತಟ್ಟುತ್ತಿದ್ದಳು. ಅವಳ ಗಂಡನೂ ಟ್ಯಾಕ್ಸಿಯವನೇ. ಸತ್ತು ಬಹಳ ವರ್ಷವಾಗಿರಲಿಲ್ಲ.

"ಜ್ವಾಳ ಬರತಾವು" ಎಂದಳು ರಹಿಮಾಬಿ. "ಸುಗ್ಗ್ಯಾಗ ಒಮ್ಮಿ. ಹುಳಾ ಹಿಡದದ್ದು."

"ನಿಮ್ಮ ಗಾಡಿ ದಿನಾ ಎಲ್ಲಿಗೆ ಹೋಗತೈತಿ?"

"ನಂದೇನವ್ವಾ ಅದು? ಮೊದಲ ಇದ್ದದ್ದ ಮಾರಿ ಬ್ಯಾರೇದ ತಂದಾರಂತ. ಅದರ ಬಣ್ಣಾ ನಾ ನೋಡಿಲ್ಲ." ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಕೈ ಕೊಡವಿದಳು. "ಕಾಖಂಡಕಿ ದಾರ್‍ಯಾಗ ಅದು ಒಬ್ಬನ ಕಾಲಮ್ಯಾಲ ಹಾದಾಗ ಪೊಲೀಸರು ಮಾತ್ರ ನನ್ನ ಬಾಗಲಿಗೆ ಬಂದ್ರ ನೋಡು. ಧಣಿ ಯಾರಂದ್ರ ರಹಿಮಾಬಿ! ಅವತ್ತ ಸಾವಕಾರ್ರಿಗೆ ಜ್ವರಾ ಬಂದಿತ್ತ."

"ವಿಚಾರಣಾಕ್ಕ ಬಂದ ಇದನ್ನ ಹೇಳತೀರೇನ್ರಿ?"

"ಹೇಳಿದ್ರ ಹುಳಾ ಹಿಡದದ್ದೂ ಬರೂದಿಲ್ಲ. ನಿನಗ ಛಾತಿ ಐತಿ, ನೀ ಹೋಗು. ನನ್ನ ಹೆಸರ ಮಾತ್ರ ಬಾಯಾಗ ತರಬ್ಯಾಡ."

ತಾಯವ್ವ ಮಾತು ಕೊಟ್ಟಳು. ಬಿಸಿ ರೊಟ್ಟಿ ತಿಂದು ಬಸ್ಸು ಹತ್ತುವ ಹೊತ್ತಿಗೆ ಅವಳ ಅಂಜಿಕೆ ಹೋಗಿತ್ತು. ಲಾಭ ಒಬ್ಬನದು, ಅಪರಾಧ ಇನ್ನೊಬ್ಬಳದು ಎಂಬಂಥ ವ್ಯವಸ್ಥೆಗೆ ತನ್ನ ಹೆಸರನ್ನು ಬಾಡಿಗೆಗೆ ಕೊಡುವುದಿಲ್ಲ. ಸಿಕ್ಕರೆ ಪೂರ್ತಿ ಸಿಗಲಿ, ಇಲ್ಲವಾದರೆ ಸರಕಾರವೇ ಮರಳಿ ತೆಗೆದುಕೊಳ್ಳಲಿ ಎಂದು ನಿಶ್ಚಯಿಸಿದಳು.

ವಿಚಾರಣೆಯ ದಿನ ವಕೀಲ ಬಹಳ ಚೆಂದ ಮಾತಾಡಿದ. ಹೆಣ್ಣುಮಗಳಿಗೆ ಗಾಡಿ ನಡೆಸಲು ಬಾರದು. ಮನೆತನವೂ ಸ್ಟ್ಯಾಂಡೂ ಅಮೋಘಿಯನ್ನೇ ವಾರಸುದಾರನೆಂದು ಒಪ್ಪಿವೆ. ಸ್ವತಃ ಅರ್ಜಿದಾರಳೇ ತಾಟು ಹಿಡಿದು ಸಮ್ಮತಿಸಿದ್ದಾಳೆ ಎಂದ. ಮಂಡಳಿಯ ಅಧ್ಯಕ್ಷರು ದಕ್ಷಿಣದ ಕಡೆಯವರು. ಎಲ್ಲವನ್ನೂ ಕೇಳಿ ಅಮೋಘಿಯತ್ತ ತಿರುಗಿದರು.

"ನಿಮ್ಮ ಅಣ್ಣ ತೀರಿಕೊಂಡದ್ದನ್ನು ನೀವು ಕಚೇರಿಗೆ ಯಾವಾಗ ತಿಳಿಸಿದಿರಿ?"

"ಊರಿಗೆಲ್ಲಾ ಗೊತ್ತಿತ್ತಲ್ರಿ ಸಾಹೇಬ್ರ!"

"ಸರಿ. ಗಾಡಿ ನಿಮ್ಮದೇ ಎನ್ನುವುದಕ್ಕೆ ಏನು ಆಧಾರ?"

ವಕೀಲ ಅಮೋಘಿಯ ಅಂಗಿ ಹಿಡಿದು ಜಗ್ಗಿದ. ಆದರೆ ಇಂಥ ಸುಲಭದ ಪ್ರಶ್ನೆಗೆ ಇನ್ನೊಬ್ಬರಿಂದ ಉತ್ತರ ಹೇಳಿಸಿಕೊಳ್ಳುವುದೇ? ಅಮೋಘಿ ಎದೆ ಸೆಟೆದು ನಿಂತ.

"ನಂದಾಗಿರದಿದ್ರ ನಾ ಹೆಂಗ ಸಾವಕಾರ್ರಿಗೆ ಮಾರತಿದ್ದೇನ್ರಿ? ಗಾಡಿ, ಪರ್ಮಿಟ್ಟು ಎರಡೂ ಕೂಡೇ ಮಾರೇನಿ. ಬ್ಯಾರೇದವರದನ್ನ ಮಾರಾಕ ನಾ ಏನ ಕಳ್ಳೇನ್ರಿ?"

ವಕೀಲ ತನ್ನ ಕಾಗದಗಳನ್ನು ಒಂದುಗೂಡಿಸತೊಡಗಿದ. ತನ್ನ ಹಕ್ಕನ್ನು ಸಾಬೀತುಪಡಿಸಿದೆನೆಂದು ಅಮೋಘಿ ಒಬ್ಬನೇ ಸಂತೋಷದಿಂದಿದ್ದ.

ಅಧ್ಯಕ್ಷರು ತಾಯವ್ವನತ್ತ ನೋಡಿದರು. "ಕೇಳಿದಿರಾ ಅಮ್ಮಾ? ಪರವಾನಗಿ ವ್ಯಾಪಾರವಾಗಿದೆ. ಇದನ್ನು ಪೂರ್ತಿ ರದ್ದು ಮಾಡಬಹುದು. ಏನು ಹೇಳುತ್ತೀರಿ?"

ತಾಯವ್ವ ಒಂದು ಹೆಜ್ಜೆ ಮುಂದೆ ಬಂದಳು.

"ತಾಟ ಹಿಡದದ್ದ ಖರೇ ಐತ್ರಿ. ಅಳಕೋತ ಹಿಡದೀನಿ. ಅದು ದುಃಖದ ರುಮಾಲ್ರಿ, ಪರ್ಮಿಟ್ಟಿಂದಲ್ಲ. ಮಾರಿದಂವ ಪರ್ಮಿಟ್ಟಿನ ಧಣಿ ಅಲ್ಲ, ಧಣಿ ಮಣ್ಣಾಗ ಹೋಗ್ಯಾನ. ಮಾರ್ಯಾರಂತ ತಿಳದ ಮರುದಿನಾನ ಚೌಕದಾಗ ಕುಂತು ಗಾಡಿ ಬಿಡಿಸಿಕೊಂಡ ನಿಮ್ಮ ಬಾಗಲಿಗೆ ತಂದೀನಿ. ಹೆಸರ ನಿಂದಿರಲಿ, ಗಾಡಿ ನಾವ ನಡಸತೀವಂತ ನನಗೂ ಹೇಳಿದ್ರು, ಒಲ್ಲೆ ಅಂದೀನಿ. ನನಗ ಗಾಡಿ ಹೊಡ್ಯಾಕ ಬರೂದಿಲ್ರಿ. ಲೈಸನ್ಸ ಇದ್ದ ಲಾಡಲೇಸಾಬನ್ನ ಪಗಾರಕ್ಕ ಇಟಗೊಂಡೀನಿ. ಸೀಟ ತುಂಬಸೂದು, ರಿಪೇರಿ, ಕರಾ ಕಟ್ಟೂದು ನನ್ನ ಕೆಲಸ. ಕೊಟ್ಟರ ನನಗ ಕೊಡ್ರಿ. ನಾಳೆ ನಾ ಮನ್ಯಾಗ ಕುಂತು ಇನ್ನೊಬ್ಬರ ಕೈಗೆ ಬಿಟ್ಟದ್ದ ಕಂಡ್ರ, ಕೇಳಬ್ಯಾಡ್ರಿ, ಅವತ್ತ ರದ್ದ ಮಾಡ್ರಿ."

ಯಾರು ಹೀಗೆ ಹೇಳಿದರೆಂದು ಅಧ್ಯಕ್ಷರು ಕೇಳಿದರು. ಅವಳು ಅಮರಪ್ಪನ ಹೆಸರು ಹೇಳಿದಳು. ರಹಿಮಾಬಿಯ ಹೆಸರು ಹೇಳಲಿಲ್ಲ. ಸದಸ್ಯರು ತಮ್ಮೊಳಗೆ ಮಾತಾಡಿಕೊಂಡು, ಅವಳು ತಾನಾಗಿ ಆಡಿದ ಮಾತನ್ನೇ ಷರತ್ತಾಗಿ ಬರೆಸಿ, ಪರವಾನಗಿಯನ್ನು ತಾಯವ್ವನ ಹೆಸರಿಗೆ ವರ್ಗಾಯಿಸಿದರು. ಅಮೋಘಿಯ ಅರ್ಜಿ ವಜಾ ಆಯಿತು. ಏಕೆ ವಜಾ ಆಯಿತೆಂದು ಹೊರಗೆ ಬೇವಿನ ಮರದಡಿಯಲ್ಲಿ ವಕೀಲ ಅವನಿಗೆ ತಿಳಿಸಿಕೊಡಬೇಕಾಯಿತು. ಅಮೋಘಿ ದುಷ್ಟನಲ್ಲ, ತಿಳಿಯದ್ದನ್ನು ತಿಳಿದಿದ್ದೇನೆಂದು ನಂಬಿದ್ದನಷ್ಟೆ. ಆ ನಂಬಿಕೆಯಿಂದ ಆಗುವ ಅನ್ಯಾಯವೇನೂ ಕಡಿಮೆಯದಲ್ಲ.

ಅದೇ ಸಂಜೆ ಗಾಂಧಿ ಚೌಕದಲ್ಲಿ ತಾಯವ್ವನ ಗಾಡಿಗೆ ಪಾಳಿ ಬಂದಾಗ ಅವನು ಹತ್ತಿರ ಬಂದ.

"ಸ್ಟೇರಿಂಗ ನಾ ಹಿಡೀತೇನಿ ವೈನಿ. ಮನೀ ಮನಶ್ಯಾ ಇರಲಾಕ ಹೊರಗಿನವರ್‍ಯಾಕ?"

"ಲೈಸನ್ಸ ಐತೇನ?"

"ಕಲತರ ಬರತೈತಿ. ಲಾಡಲೇಸಾಬನ ಬಾಜೂಕ ಕುಂತ ಕಲೀತೇನಿ."

"ಮಂದಿ ಕುಂತಾಗಲ್ಲ. ಮೊದಲ ಕಲಿಯೂ ಲೈಸನ್ಸ ತೆಗಸು. ಬಯಲಾಗ ಕಲಿ. ಪರೀಕ್ಷಾ ಕೊಡು. ಪಾಸಾದ್ರ ಬಾ, ಪಗಾರದ ಮಾತಾಡೂಣು. ನಪಾಸಾದ್ರ ಮತ್ತ ಕಲಿ."

ಲಾಡಲೇಸಾಬ ಮುಖ ಆಚೆ ತಿರುಗಿಸಿ ನಕ್ಕ. ಅಮೋಘಿ ಹಿಂದಿನ ಬಾಗಿಲಿಗೆ ಕೈ ಹಾಕಿದ. "ಆತು. ಈಗ ಮನೀಗರೆ ಕರಕೊಂಡ ನಡಿ."

ಹಿಂದಿನ ಸೀಟಿನ ತುದಿಗೆ ಕುಳಿತಿದ್ದ ತಾಯವ್ವ ಒಳಗಿನವರನ್ನು ಒಬ್ಬೊಬ್ಬರಾಗಿ ನೋಡಿ, ಬಾಗಿಲನ್ನು ಒಳಗಿನಿಂದ ಎಳೆದು ಹಾಕಿದಳು.

"ಪರ್ಮಿಟ್ಟನ್ಯಾಗ ಬರದಷ್ಟ ಮಂದಿ ತುಂಬ್ಯಾರ ತಮ್ಮಾ. ನೀ ಬಸ್ಸಿಗೆ ಬಾ. ಅತ್ತೀಗೆ ಹೇಳಿ ರೊಟ್ಟಿ ಇಡಸತೇನಿ."

ಗಾಡಿ ಹೊರಟಿತು. ಸಾಲಿನಲ್ಲಿ ಎರಡನೆಯದಾಗಿ ನಿಂತಿದ್ದ ಗಾಡಿ ಒಂದು ಗಾಡಿಯಷ್ಟು ಮುಂದಕ್ಕೆ ಬಂತು.